ಐರ್ಲೆಂಡ್‌ನ ಪ್ರೆಸ್ಬಿಟೀರಿಯನ್ ಪೂರ್ವಜರ ಹುಡುಕಾಟ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

"ನನ್ನ ಗಂಡನ ಮುತ್ತಜ್ಜಿ ಕೌಂಟಿ ಡೌನ್ ಕಡೆಯವರಂತೆ, ಪ್ರೆಸ್ಬಿಟೀರಿಯನ್ ಅಂತೆ. ಇಷ್ಟೇ ಗೊತ್ತು. ದುಡ್ಡು ಕಟ್ಟಿ ಯಾವುದಾದರೂ ತಾಣಕ್ಕೆ ಸೇರಲಾ, ಬೆಲ್‌ಫಾಸ್ಟ್‌ಗೇ ಹೋಗಿ ಬರಲಾ, ಇಲ್ಲಾ ಯಾರಿಗಾದರೂ ಕೊಟ್ಟು ಹುಡುಕಿಸಲಾ?"

ಈ ಪ್ರಶ್ನೆಯನ್ನು ನನಗೆ ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳಿದ್ದಾರೆ. ಪ್ರೆಸ್ಬಿಟೀರಿಯನ್ ಅಂದರೆ ಸ್ಕಾಟ್ಲೆಂಡ್ ಮೂಲದ ಒಂದು ಪ್ರಾಟೆಸ್ಟೆಂಟ್ ಪಂಗಡ. ಹೆಚ್ಚಿನವರು ಇಲ್ಲಿ ಐರ್ಲೆಂಡ್ ಕಡೆಯವರನ್ನು ಮದುವೆಯಾದ ನಮ್ಮ ಕನ್ನಡದವರು. ಕೆಲವರು ಅಮೆರಿಕದಲ್ಲಿದ್ದಾರೆ, ಅವರ ಸೊಸೆಯ ಅಥವಾ ಅಳಿಯನ ಮನೆಯವರು "ನಾವು ಸ್ಕಾಚ್-ಐರಿಶ್" ಅನ್ನುತ್ತಾರೆ, ಅಂದರೆ ಸ್ಕಾಟ್ಲೆಂಡ್‌ನಿಂದ ಐರ್ಲೆಂಡ್‌ಗೆ ಬಂದು ಅಲ್ಲಿಂದ ಅಮೆರಿಕಕ್ಕೆ ಹೋದವರ ಸಂತತಿ. ನಾನು ಉತ್ತರ ಐರ್ಲೆಂಡ್‌ನ ಆಂಟ್ರಿಮ್ ಕಡೆಯ ಮನೆಗೆ ಸೊಸೆಯಾಗಿ ಬಂದವಳು. ಮಗಳು ಶಾಲೆಯಿಂದ ವಂಶವೃಕ್ಷ ಬರೆಯುವ ಹಾಳೆ ತಂದ ದಿನ ನನ್ನ ಕಡೆಯದನ್ನು ನಮ್ಮ ಸೋದರತ್ತೆ ಫೋನಿನಲ್ಲೇ ಆರು ತಲೆಮಾರು ಹೇಳಿಬಿಟ್ಟರು. ನನ್ನ ಗಂಡನ ಕಡೆಯದು ಅವರ ಮುತ್ತಜ್ಜನ ಹತ್ತಿರ ನಿಂತುಹೋಯಿತು. ಅಲ್ಲಿಂದ ಶುರುವಾದ ಹುಡುಕಾಟ ಇದು. ಎಲ್ಲಿ ದುಡ್ಡು ದಂಡವಾಯಿತು, ಎಲ್ಲಿ ಪೈಸೆ ಖರ್ಚಿಲ್ಲದೆ ಬಾಗಿಲು ತೆರೆಯಿತು ಅನ್ನುವುದನ್ನು ಹೇಳಿದರೆ ನಿಮಗೆ ಆರಿಸಿಕೊಳ್ಳಲು ಸುಲಭ.

ಮೊದಲೇ ಒಂದು ಮಾತು. ಈ ಕೆಲಸದಲ್ಲಿ ಊರಿನ ಹೆಸರಿಗಿಂತ ಸಭೆಯ ಹೆಸರು ಮುಖ್ಯ. ಸಭೆ ಅಂದರೆ ಅವರು ಆರಾಧನೆಗೆ ಹೋಗುತ್ತಿದ್ದ ಚರ್ಚಿನ ಮಂದಿ. ಆ ಹೆಸರು ಸಿಗುವವರೆಗೆ ದೊಡ್ಡ ದುಡ್ಡು ಖರ್ಚು ಮಾಡಬೇಡಿ.

ಪ್ರೆಸ್ಬಿಟೀರಿಯನ್ ಅಂದರೆ ಬೇರೆ ದಾರಿ ಯಾಕೆ

ಐರ್ಲೆಂಡ್‌ನ ಕ್ಯಾಥೊಲಿಕ್ ಚರ್ಚುಗಳ ಹಳೆಯ ಪುಸ್ತಕಗಳು 2015ರಿಂದ ನ್ಯಾಷನಲ್ ಲೈಬ್ರರಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಕೂತು ಪುಟ ತಿರುವಬಹುದು. ಪ್ರೆಸ್ಬಿಟೀರಿಯನ್ನರಿಗೆ ಆ ಅನುಕೂಲ ಇಲ್ಲ. ಅವರ ಪುಸ್ತಕಗಳು ಚದುರಿಹೋಗಿವೆ.

ಅದರಲ್ಲೂ ಒಂದು ಒಳ್ಳೆಯದು ಆಗಿದೆ. 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸ್ ಹೊತ್ತಿ ಉರಿದಾಗ ಇಂಗ್ಲೆಂಡ್ ಚರ್ಚಿನ ಸಂಪ್ರದಾಯದ ಚರ್ಚ್ ಆಫ್ ಐರ್ಲೆಂಡ್‌ನ ಅರ್ಧಕ್ಕಿಂತ ಜಾಸ್ತಿ ಪುಸ್ತಕಗಳು ಬೂದಿಯಾದವು. 1821ರಿಂದ 1851ರವರೆಗಿನ ಜನಗಣತಿಯೂ ಬಹುಪಾಲು ಹೋಯಿತು. ಪ್ರೆಸ್ಬಿಟೀರಿಯನ್ ಪುಸ್ತಕಗಳು ಅಲ್ಲಿರಲಿಲ್ಲ. ಅವು ಆಯಾ ಸಭೆಯ ಕಪಾಟಿನಲ್ಲೇ ಇದ್ದವು. ಹಾಗಾಗಿ ಉಳಿದವು.

ಆದರೆ ಎಷ್ಟು ಹಿಂದಿನವು ಉಳಿದಿವೆ ಅನ್ನುವುದು ಸಭೆಯಿಂದ ಸಭೆಗೆ ಬೇರೆ. ಟೆಂಪಲ್‌ಪ್ಯಾಟ್ರಿಕ್‌ನಂಥ ಕಡೆ 1646ರಿಂದ ಬರೆದ ಸೆಷನ್ ಪುಸ್ತಕ, ಅಂದರೆ ಸಭೆಯ ಹಿರಿಯರ ಕೂಟದ ದಾಖಲೆ, ಇದೆ. ಬಹಳಷ್ಟು ಸಭೆಗಳಲ್ಲಿ 1820, 1830ಕ್ಕಿಂತ ಹಿಂದೆ ಏನೂ ಇಲ್ಲ. ಉತ್ತರದ ಅಲ್ಸ್ಟರ್ ಪ್ರಾಂತ್ಯದ ಪ್ರೆಸ್ಬಿಟೀರಿಯನ್ ಸಭೆಗಳ ಮೇಲಿನ ಆಡಳಿತ ಮಂಡಳಿಯಾದ ಸಿನೊಡ್ ಆಫ್ ಅಲ್ಸ್ಟರ್ 1819ರಲ್ಲಿ ಎಲ್ಲ ಪಾಸ್ಟರುಗಳೂ ದಾಖಲೆ ಇಡಬೇಕು ಅಂತ ಹೇಳಿದ ಮೇಲೇ ಎಷ್ಟೋ ಕಡೆ ಬರೆಯುವುದು ಶುರುವಾಗಿದ್ದು. ಅದಕ್ಕೂ ಮೊದಲು ಕೆಲವು ಪಾಸ್ಟರುಗಳು ಪುಸ್ತಕವನ್ನು ತಮ್ಮದೇ ಸ್ವತ್ತು ಅಂದುಕೊಂಡು, ಬೇರೆ ಊರಿಗೆ ಹೋಗುವಾಗ ಜೊತೆಗೇ ಒಯ್ದಿದ್ದಾರೆ.

ಆರಿಸುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಿ

ಯಾವ ಕಾಲದವರನ್ನು ಹುಡುಕುತ್ತಿದ್ದೀರಿ? ಇದು ಮೊದಲನೆಯದು. ಮೂರು ಗೆರೆ ಎಳೆದುಕೊಳ್ಳಿ: 1864ರ ಈಚೆ, 1845ರಿಂದ 1864, 1845ರ ಹಿಂದೆ. 1864ರ ಜನವರಿ 1ರಿಂದ ಜನನ, ಮರಣ, ಎಲ್ಲರ ಮದುವೆ ಸರ್ಕಾರದ ದಫ್ತರದಲ್ಲಿವೆ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರ ಏಪ್ರಿಲ್ 1ರಿಂದಲೇ ಸಿಗುತ್ತದೆ. ಈ ಹತ್ತೊಂಬತ್ತು ವರ್ಷಗಳ ಲಾಭ ಪ್ರೆಸ್ಬಿಟೀರಿಯನ್ ಮನೆತನಗಳಿಗೆ ಇದೆ. ಬಿಡಬೇಡಿ.

ಎರಡನೆಯದು ಜಾಗ. ಕೌಂಟಿ ಗೊತ್ತೋ, ಟೌನ್‌ಲ್ಯಾಂಡ್ ಗೊತ್ತೋ? ಟೌನ್‌ಲ್ಯಾಂಡ್ ಅಂದರೆ ಅಲ್ಲಿನ ಅತಿ ಚಿಕ್ಕ ನೆಲದ ಘಟಕ. ಕೆಲವು ಬರೀ ನಾಲ್ಕೈದು ಹೊಲಮನೆಗಳಷ್ಟು ಚಿಕ್ಕವು. ಇಡೀ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಇವೆ, ಒಂದೇ ಹೆಸರಿನವೂ ಬೇಕಾದಷ್ಟು.

ಮೂರನೆಯದು ಎಂಥ ಪ್ರೆಸ್ಬಿಟೀರಿಯನ್ ಅನ್ನುವುದು. ಇದನ್ನು ಎಲ್ಲರೂ ಮರೆಯುತ್ತಾರೆ. ಸಿನೊಡ್ ಆಫ್ ಅಲ್ಸ್ಟರ್‌ನವರು ಮತ್ತು ಸ್ಕಾಟ್ಲೆಂಡ್‌ನ ಚರ್ಚಿನಿಂದ ಬೇರೆಯಾದ ಸೆಸೆಷನ್‌ನವರು 1840ರಲ್ಲಿ ಒಂದಾಗಿ ಈಗಿನ ಪ್ರೆಸ್ಬಿಟೀರಿಯನ್ ಚರ್ಚ್ ಇನ್ ಐರ್ಲೆಂಡ್ ಆಯಿತು. ಕವನೆಂಟರ್ ಅಂತ ಕರೆಸಿಕೊಳ್ಳುವ ರಿಫಾರ್ಮ್ಡ್ ಪ್ರೆಸ್ಬಿಟೀರಿಯನ್ನರು ಆಗಲೂ ಬೇರೆ, ಈಗಲೂ ಬೇರೆ. ನಾನ್-ಸಬ್‌ಸ್ಕ್ರೈಬಿಂಗ್ ಅನ್ನುವವರು ಇನ್ನೊಂದು ಗುಂಪು. ನಂಬಿಕೆಯ ಪ್ರಮಾಣಕ್ಕೆ ಸಹಿ ಹಾಕುವುದಿಲ್ಲ ಅಂದವರು ಅವರು. 1829ರಲ್ಲಿ ಡನ್‌ಮರಿಯ ಪಾಸ್ಟರ್ ಹೆನ್ರಿ ಮಾಂಟ್ಗೊಮರಿಯ ಹಿಂದೆ ಹಲವು ಸಭೆಗಳು ಸಿನೊಡ್ ಬಿಟ್ಟು ಹೊರಟಾಗ, ಊರೂರಲ್ಲಿ ಸಭೆ ಒಡೆದು ಎರಡಾಯಿತು. ಹಳೆಯ ಪುಸ್ತಕ ಯಾರ ಪಾಲಾಯಿತು? ಕಟ್ಟಡ ಯಾರಿಗೆ ಉಳಿಯಿತೋ ಎಷ್ಟೋ ಕಡೆ ಅವರಿಗೇ. ಹಾಗಾಗಿ ನಿಮ್ಮವರು ಈಗ ಅಪ್ಪಟ ಪ್ರೆಸ್ಬಿಟೀರಿಯನ್ ಆಗಿದ್ದರೂ 1820ಕ್ಕಿಂತ ಹಿಂದಿನ ಅವರ ದೀಕ್ಷಾಸ್ನಾನ ಪಕ್ಕದ ಬೀದಿಯ ನಾನ್-ಸಬ್‌ಸ್ಕ್ರೈಬಿಂಗ್ ಸಭೆಯ ಪುಸ್ತಕದಲ್ಲಿ ಇರಬಹುದು.

ಉಳಿದಿದ್ದು ಎರಡು. ನೀವು ಎಲ್ಲಿದ್ದೀರಿ? ಕೈಯಲ್ಲಿ ಎಷ್ಟಿದೆ? ಇವಕ್ಕೆ ಉತ್ತರ ನಿಮಗೇ ಗೊತ್ತು.

ಪುಕ್ಕಟೆ ಸಿಗುವುದು

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಐರಿಶ್ ಜೀನಿಯಾಲಜಿ ಅನ್ನುವ ಸರ್ಕಾರಿ ತಾಣದಲ್ಲಿ ನೂರು ವರ್ಷ ದಾಟಿದ ಜನನ, ಎಪ್ಪತ್ತೈದು ದಾಟಿದ ಮದುವೆ, ಐವತ್ತು ದಾಟಿದ ಮರಣ ದಾಖಲೆಗಳ ಪುಟದ ಚಿತ್ರವೇ ಸಿಗುತ್ತದೆ. ದೇಶ ಇಬ್ಭಾಗ ಆಗುವ ಮುಂಚಿನ ಕಾಲಕ್ಕೆ ಉತ್ತರದ ಆರು ಕೌಂಟಿಗಳೂ ಇದರಲ್ಲೇ ಇವೆ.

ನಮಗೆ ಸಭೆಯ ಹೆಸರು ಸಿಕ್ಕಿದ್ದು ಇಲ್ಲೇ. ಒಂದು ಮದುವೆಯ ನಮೂದಿನಲ್ಲಿ ಏನೇನು ಇರುತ್ತದೆ ಹೇಳುತ್ತೇನೆ. ಮದುಮಕ್ಕಳ ಹೆಸರು, ವಯಸ್ಸು, ಕೆಲಸ, ಆಗ ಇದ್ದ ಟೌನ್‌ಲ್ಯಾಂಡ್. ಆಮೇಲೆ ಇಬ್ಬರ ಅಪ್ಪಂದಿರ ಹೆಸರು, ಅವರ ಕೆಲಸ. ವಯಸ್ಸಿನ ಜಾಗದಲ್ಲಿ ಸಂಖ್ಯೆ ಬದಲು "ಫುಲ್ ಏಜ್" ಅಂತಷ್ಟೇ ಇದ್ದರೆ ಇಪ್ಪತ್ತೊಂದು ತುಂಬಿತ್ತು ಅಂತ ಅರ್ಥ. ನಮ್ಮ ನಮೂದಿನಲ್ಲಿ ಗಂಡಿನ ಅಪ್ಪ ನೇಕಾರ, ಹೆಣ್ಣಿನ ಅಪ್ಪ ರೈತ. ಪುಟದ ತಲೆಯಲ್ಲಿ ಮದುವೆ ನಡೆದ ಚರ್ಚಿನ ಹೆಸರು, ಕೆಳಗೆ ಪ್ರೆಸ್ಬಿಟೀರಿಯನ್ ಕ್ರಮದಂತೆ ನಡೆಯಿತು ಅನ್ನುವ ಅಚ್ಚಿನ ಸಾಲು, ಪಾಸ್ಟರ್ ಸಹಿ. ಇಬ್ಬರು ಸಾಕ್ಷಿಗಳು, ಅದರಲ್ಲಿ ಒಬ್ಬರ ಸಹಿ ಬರೀ ಗುಣಾಕಾರದ ಗುರುತು. 1845ರ ಆಸುಪಾಸಿನ ಮದುವೆಯಾದರೆ ಆ ಅಪ್ಪಂದಿರು 1700ರ ದಶಕದ ಕೊನೆಯಲ್ಲಿ ಹುಟ್ಟಿದವರು. ಒಂದೇ ಪುಟದಲ್ಲಿ ಎರಡು ತಲೆಮಾರು, ಒಂದು ಊರು, ಒಂದು ಸಭೆ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಕಡೆಯ ಚರ್ಚಿನಲ್ಲಿ ಆಗುತ್ತಿತ್ತು. ಆದ್ದರಿಂದ ಅದು ಹೆಣ್ಣಿನವರ ಸಭೆ ಅಂತ ಹಿಡಿದು, ಗಂಡಿನವರ ಸಭೆಯನ್ನು ಅವನ ಟೌನ್‌ಲ್ಯಾಂಡ್ ಸುತ್ತ ಹುಡುಕಬೇಕು.

1901 ಮತ್ತು 1911ರ ಜನಗಣತಿ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಪುಕ್ಕಟೆ ಇದೆ. ಅದರಲ್ಲಿ ಧರ್ಮದ ಕಾಲಂ ನೋಡಿ. ಕೆಲವರು ಬರೀ ಪ್ರೆಸ್ಬಿಟೀರಿಯನ್ ಅಂತ ಬರೆಸಿದ್ದಾರೆ, ಕೆಲವರು ರಿಫಾರ್ಮ್ಡ್ ಅಂತಲೋ ಯೂನಿಟೇರಿಯನ್ (ನಾನ್-ಸಬ್‌ಸ್ಕ್ರೈಬಿಂಗ್‌ನವರನ್ನು ಹೀಗೂ ಕರೆಯುತ್ತಿದ್ದರು) ಅಂತಲೋ ಬಿಡಿಸಿ ಬರೆಸಿದ್ದಾರೆ. ನನ್ನ ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಇದ್ದೀತು. ಇನ್ನೂ ಹಿಂದಕ್ಕೆ 1847ರಿಂದ 1864ರ ನಡುವೆ ಮಾಡಿದ ಗ್ರಿಫಿತ್ ವ್ಯಾಲ್ಯುಯೇಷನ್ ಇದೆ, ಯಾರು ಯಾವ ಟೌನ್‌ಲ್ಯಾಂಡ್‌ನಲ್ಲಿ ಎಷ್ಟು ಜಮೀನು ಹಿಡಿದಿದ್ದರು ಅನ್ನುವ ಪಟ್ಟಿ. ಅದಕ್ಕೂ ಹಿಂದೆ 1823ರಿಂದ 1837ರ ಟೈಥ್ ಪುಸ್ತಕಗಳು. ಟೈಥ್ ಅಂದರೆ ಚರ್ಚ್ ಆಫ್ ಐರ್ಲೆಂಡ್‌ನ ಖರ್ಚಿಗೆ ಹಾಕಿದ ತೆರಿಗೆ. ಜಮೀನಿದ್ದ ಪ್ರೆಸ್ಬಿಟೀರಿಯನ್ನರೂ ತಮ್ಮದಲ್ಲದ ಆ ಚರ್ಚಿಗೆ ಕಟ್ಟಬೇಕಾಗಿತ್ತು. ಆಗಿನ ಅನ್ಯಾಯ ನಮಗೆ ಈಗ ಹೆಸರುಗಳ ಪಟ್ಟಿಯಾಗಿ ಉಳಿದಿದೆ.

ಕೊರತೆ ಏನು? ಪುಕ್ಕಟೆ ತಾಣಗಳಲ್ಲಿ ಸಭೆಯ ದೀಕ್ಷಾಸ್ನಾನ ಪುಸ್ತಕ ಇಲ್ಲ. 1845ರ ಹಿಂದೆ ಹೋಗಬೇಕು ಅಂದರೆ ಬೇರೆ ಕಡೆ ನೋಡಲೇಬೇಕು.

ಗ್ರೋನಿ

ಇದು ಉತ್ತರ ಐರ್ಲೆಂಡ್‌ನ ಜನನ-ಮರಣ ಕಚೇರಿ. ಕ್ರೆಡಿಟ್ ಕೊಂಡು ಒಂದೊಂದು ದಾಖಲೆ ತೆಗೆಯಬೇಕು. ನಿಮಗೆ ಬೇಕಾಗಿರುವುದು 1922ರ ಈಚಿನದಾಗಿದ್ದರೆ ಇದೇ ಗತಿ. ಅದಕ್ಕಿಂತ ಹಿಂದಿನದಾದರೆ ಮೊದಲು ಪುಕ್ಕಟೆ ತಾಣ ನೋಡಿ, ಅಲ್ಲಿ ಸಿಗದೇ ಇದ್ದಾಗ ಇಲ್ಲಿ ಬನ್ನಿ. ಹೆಸರಿನ ಕಾಗುಣಿತ ತಪ್ಪಾಗಿ ಅಲ್ಲಿ ಸಿಗದ್ದು ಇಲ್ಲಿ ಸಿಗುವುದುಂಟು. ಒಂದು ಎಚ್ಚರಿಕೆ: ಡೊನೆಗಾಲ್, ಕ್ಯಾವನ್, ಮೊನಹನ್ ಅಲ್ಸ್ಟರ್‌ಗೆ ಸೇರಿದವೇ, ಅಲ್ಲಿ ಪ್ರೆಸ್ಬಿಟೀರಿಯನ್ನರೂ ಇದ್ದಾರೆ, ಆದರೆ ಈ ಕಚೇರಿಯ ವ್ಯಾಪ್ತಿಗೆ ಅವು ಬರುವುದಿಲ್ಲ.

ದುಡ್ಡು ಕಟ್ಟುವ ತಾಣ

ಪ್ರೆಸ್ಬಿಟೀರಿಯನ್ನರ ಮಟ್ಟಿಗೆ ಮುಖ್ಯವಾದದ್ದು ರೂಟ್ಸ್ ಐರ್ಲೆಂಡ್. ಕೌಂಟಿ ಕೇಂದ್ರಗಳು ಚರ್ಚಿನ ಪುಸ್ತಕಗಳನ್ನು ನೋಡಿ ಬರೆದುಕೊಂಡ ನಮೂದುಗಳು ಅಲ್ಲಿವೆ. ಆಂಟ್ರಿಮ್ ಮತ್ತು ಡೌನ್ ಕೌಂಟಿಗಳದ್ದು ಅಲ್ಸ್ಟರ್ ಹಿಸ್ಟಾರಿಕಲ್ ಫೌಂಡೇಶನ್ ಮಾಡಿದ ಕೆಲಸ.

ಇದರ ದೊಡ್ಡ ಗುಣ, ಸಭೆ ಗೊತ್ತಿಲ್ಲದಿದ್ದರೂ ಇಡೀ ಕೌಂಟಿಯಲ್ಲಿ ಒಟ್ಟಿಗೆ ಹುಡುಕಬಹುದು. ಬೆಂಗಳೂರಲ್ಲೋ ಟೆಕ್ಸಾಸ್‌ನಲ್ಲೋ ಕೂತವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ದೊಡ್ಡ ಕೊರತೆ, ಮೂಲ ಪುಟದ ಚಿತ್ರ ಇಲ್ಲ. ಯಾರೋ ಓದಿ ಟೈಪ್ ಮಾಡಿದ್ದನ್ನು ನೀವು ನಂಬಬೇಕು. ಜೊತೆಗೆ ಎಲ್ಲ ಸಭೆಗಳೂ ಅದರಲ್ಲಿ ಇಲ್ಲ. ಹಣ ಕಟ್ಟುವ ಮುಂಚೆ ಆ ಕೌಂಟಿಯ ಪಟ್ಟಿ ತೆಗೆದು ನಿಮ್ಮ ಸಭೆ ಇದೆಯಾ, ಯಾವ ವರ್ಷದಿಂದ ಇದೆ ಅಂತ ನೋಡಿಕೊಳ್ಳಿ. ಆ ಪಟ್ಟಿ ನೋಡಲು ದುಡ್ಡು ಬೇಡ.

ನಾನು ಶುರುವಿನಲ್ಲಿ ಅವಸರ ಮಾಡಿದೆ. ಬೇರೊಂದು ದೊಡ್ಡ ತಾಣಕ್ಕೆ ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದೆ. ಜಾನ್ ಅನ್ನುವ ಹೆಸರು ಹಾಕಿದರೆ ಒಂದೇ ಅಡ್ಡಹೆಸರಿನ ಹದಿನೇಳು ಜಾನ್‌ಗಳು ಬಂದರು. ಯಾರು ನಮ್ಮವರು ಅಂತ ಹೇಳಲು ನನ್ನ ಹತ್ತಿರ ಟೌನ್‌ಲ್ಯಾಂಡ್ ಇರಲಿಲ್ಲ, ಸಭೆಯೂ ಇರಲಿಲ್ಲ. ಆ ತಾಣದಲ್ಲಿ ನಮ್ಮ ಸಭೆಯ ಪುಸ್ತಕವೇ ಇಲ್ಲ ಅಂತ ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಮುಗಿದಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಪುಕ್ಕಟೆ ದಾಖಲೆಗಳಿಂದ ಹೆಸರುಗಳ ಪಟ್ಟಿ ತಯಾರು ಮಾಡಿಕೊಂಡು, ಆಮೇಲೆ ಒಂದೇ ಒಂದು ತಿಂಗಳಿಗೆ ಕಟ್ಟಿ, ಆ ತಿಂಗಳು ಸಂಜೆಗಳನ್ನು ಖಾಲಿ ಇಟ್ಟುಕೊಂಡು ಎಲ್ಲವನ್ನೂ ಒಟ್ಟಿಗೆ ತೆಗೆದುಬಿಡಿ.

ಹದಿನೇಳು ಜಾನ್‌ಗಳ ನಡುವೆ ದಾರಿ ತೋರುವುದು ಹೆಸರಿಡುವ ಪದ್ಧತಿ. ಸ್ಕಾಟ್ಲೆಂಡ್‌ನಿಂದ ಬಂದ ಈ ಮನೆಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಹೆಣ್ಣುಮಕ್ಕಳಿಗೆ ಮೊದಲು ಅಮ್ಮನ ಅಮ್ಮ, ಆಮೇಲೆ ಅಪ್ಪನ ಅಮ್ಮ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆಯಲ್ಲಿ ಬೆಳೆದ ನಮಗೆ ಇದು ಥಟ್ಟನೆ ಅರ್ಥ ಆಗುತ್ತದೆ, ಅಲ್ವಾ? ಎಲ್ಲರೂ ಪಾಲಿಸಿಲ್ಲ. ಆದರೂ ಎರಡು ಮನೆಗಳ ನಡುವೆ ಅನುಮಾನ ಬಂದಾಗ ಮಕ್ಕಳ ಹೆಸರು ಸಾಲಾಗಿ ಬರೆದು ನೋಡಿ.

ಪ್ರೋನಿಗೆ ಹೋಗುವುದು

ಬೆಲ್‌ಫಾಸ್ಟ್‌ನ ಟೈಟಾನಿಕ್ ಕ್ವಾರ್ಟರ್‌ನಲ್ಲಿರುವ, ಉತ್ತರ ಐರ್ಲೆಂಡ್‌ನ ಹಳೆಯ ದಾಖಲೆ ಇಡುವ ಪಬ್ಲಿಕ್ ರೆಕಾರ್ಡ್ ಆಫೀಸನ್ನು ಎಲ್ಲರೂ ಪ್ರೋನಿ ಅನ್ನುತ್ತಾರೆ. ನೀವು ಉತ್ತರ ಐರ್ಲೆಂಡ್‌ನಲ್ಲಿ ಇದ್ದರೆ, ಇಲ್ಲಾ ಸ್ಕಾಟ್ಲೆಂಡ್ ಇಂಗ್ಲೆಂಡ್‌ನಿಂದ ಎರಡು ದಿನ ಬರಬಲ್ಲಿರಾದರೆ, ನಾನು ಯೋಚಿಸದೆ ಇದನ್ನೇ ಹೇಳುತ್ತೇನೆ. ಒಳಗೆ ಹೋಗಲು ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿ ಕಾರ್ಡ್ ಮಾಡಿಸಿಕೊಂಡರೆ ಸಾಕು.

ಅಲ್ಸ್ಟರ್‌ನ ಒಂಬತ್ತೂ ಕೌಂಟಿಗಳ ಬಹುಪಾಲು ಪ್ರೆಸ್ಬಿಟೀರಿಯನ್ ಸಭೆಗಳ ಪುಸ್ತಕಗಳ ನಕಲು ಅಲ್ಲಿದೆ. ಅಂದರೆ ಡೊನೆಗಾಲ್‌ನವರಿಗೂ ಇಲ್ಲಿ ಸಿಗುತ್ತದೆ. ಹೊರಡುವ ಮುಂಚೆ ಅವರ ತಾಣದಿಂದ ಚರ್ಚ್ ದಾಖಲೆಗಳ ಕೈಪಿಡಿ ಇಳಿಸಿಕೊಂಡು ನಿಮ್ಮ ಪ್ಯಾರಿಷ್‌ನಲ್ಲಿ (ಹಲವು ಟೌನ್‌ಲ್ಯಾಂಡ್ ಸೇರಿದ ಚರ್ಚಿನ ಹೋಬಳಿ) ಯಾವ್ಯಾವ ಸಭೆಗಳಿವೆ, ಯಾವುದರ ಯಾವ ವರ್ಷಗಳು ಉಳಿದಿವೆ ಅಂತ ಗುರುತು ಹಾಕಿಕೊಳ್ಳಿ. ಅರ್ಧ ದಿನ ಉಳಿಯುತ್ತದೆ. ಫಸ್ಟ್, ಸೆಕೆಂಡ್, ಥರ್ಡ್ ಅಂತ ಒಂದೇ ಊರಲ್ಲಿ ಮೂರು ಸಭೆಗಳಿದ್ದರೆ ಮೂರನ್ನೂ ಬರೆದುಕೊಳ್ಳಿ. ಯಾವ ಸಭೆಗೆ ಹೋಗಬೇಕು ಅನ್ನುವುದು ಮನೆಯವರ ಇಷ್ಟ, ಪ್ಯಾರಿಷ್ ಗಡಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಪಾಸ್ಟರ್ ಮೇಲೆ ಮುನಿಸಿಕೊಂಡು ಪಕ್ಕದ ಸಭೆಗೆ ಹೋದವರು ಎಷ್ಟೋ.

ಮೂಲ ಪುಟ ಕಣ್ಣಾರೆ ನೋಡುವುದರ ಬೆಲೆ ನನಗೆ ಅಲ್ಲಿ ಗೊತ್ತಾಯಿತು. ಟೈಪ್ ಮಾಡಿದ ನಮೂದಿನಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮ, ತಾರೀಕು ಇಷ್ಟೇ ಇತ್ತು. ಪುಟದಲ್ಲಿ ನೋಡಿದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: "ಅಮೆರಿಕಕ್ಕೆ ಹೋದರು." ನನ್ನ ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರದ ಒಂದು ಕವಲು ಆ ಎರಡು ಪದಗಳಲ್ಲಿ ಇತ್ತು.

ಹಣ್ಣಾದ ಕಣ್ಣುಗಳಿಗೆ ಮೈಕ್ರೋಫಿಲ್ಮ್ (ಪುಟಗಳನ್ನು ಚಿಕ್ಕದಾಗಿ ಸೆರೆಹಿಡಿದ ಫಿಲ್ಮ್ ಸುರುಳಿ) ಕಷ್ಟ. ಕೈಬರಹ ಓದಿ ಅಭ್ಯಾಸ ಇಲ್ಲದವರಿಗೆ ಮೊದಲ ದಿನ ಏನೂ ತಿಳಿಯುವುದಿಲ್ಲ. ಹಾಗಾಗಿ ಒಂದು ದಿನಕ್ಕಿಂತ ಎರಡು ದಿನ ಇಟ್ಟುಕೊಳ್ಳಿ. ದೂರದಲ್ಲಿದ್ದು ಬರಲು ಆಗದವರಿಗೂ ಪ್ರೋನಿ ತಾಣದಲ್ಲಿ ಕೆಲವು ಪುಕ್ಕಟೆ ಇವೆ: 1858ರ ಈಚಿನ ವಿಲ್‌ಗಳ ಪಟ್ಟಿ, ಐರ್ಲೆಂಡ್‌ಗೆ ಸ್ವಂತ ಆಡಳಿತ ಬೇಡ ಅಂತ 1912ರಲ್ಲಿ ಮಾಡಿದ ಅಲ್ಸ್ಟರ್ ಕವನೆಂಟ್ ಪ್ರತಿಜ್ಞೆಗೆ ಹಾಕಿದ ಸಹಿಗಳು, ಜಮೀನು ಕೈ ಬದಲಾದದ್ದನ್ನು ವರ್ಷವರ್ಷ ತಿದ್ದಿದ ರಿವಿಷನ್ ಪುಸ್ತಕಗಳು.

ಅಮೆರಿಕದಲ್ಲಿರುವವರಿಗೆ ಒಂದು ಮಾತು

ನಿಮ್ಮವರು 1700ರ ದಶಕದಲ್ಲೇ ಹೊರಟವರಾದರೆ ಲೆಕ್ಕ ಬೇರೆ. 1718ರಲ್ಲಿ ಅಘಾಡೋವಿಯ ಪಾಸ್ಟರ್ ಜೇಮ್ಸ್ ಮೆಕ್‌ಗ್ರೆಗರ್ ಜೊತೆ ನ್ಯೂ ಇಂಗ್ಲೆಂಡ್‌ಗೆ ಹೋದವರು, 1772ರಲ್ಲಿ ಕವನೆಂಟರ್ ಪಾಸ್ಟರ್ ವಿಲಿಯಂ ಮಾರ್ಟಿನ್ ಜೊತೆ ಐದು ಹಡಗುಗಳಲ್ಲಿ ಸೌತ್ ಕ್ಯಾರೊಲಿನಾಕ್ಕೆ ಹೋದವರು, ಇಂಥವರ ದೀಕ್ಷಾಸ್ನಾನದ ದಾಖಲೆ ಐರ್ಲೆಂಡ್‌ನಲ್ಲಿ ಸಿಗುವುದು ಬಹಳ ಅಪರೂಪ. ರೂಟ್ಸ್ ಐರ್ಲೆಂಡ್‌ಗೆ ದುಡ್ಡು ಹಾಕುವ ಮುಂಚೆ ಅಮೆರಿಕದ ಕಡೆಯ ಚರ್ಚ್, ಜಮೀನು, ವಿಲ್ ದಾಖಲೆ ಮುಗಿಸಿ. ಆಮೇಲೆ 1740ರ ಪ್ರಾಟೆಸ್ಟೆಂಟ್ ಮನೆಗಳ ಪಟ್ಟಿ, 1766ರ ಧರ್ಮಗಣತಿ, 1775ರ ಡಿಸೆಂಟರ್ (ಚರ್ಚ್ ಆಫ್ ಐರ್ಲೆಂಡ್‌ಗೆ ಸೇರದ ಪ್ರಾಟೆಸ್ಟೆಂಟರು) ಅರ್ಜಿಗಳನ್ನು ನೋಡಿ. ಇವುಗಳಲ್ಲಿ ಉಳಿದ ಹೆಸರುಗಳನ್ನು ಪ್ರೋನಿ ತಾಣದಲ್ಲೇ ಹುಡುಕಬಹುದು. ಸಿಗುವುದು ಬರೀ ಹೆಸರು ಮತ್ತು ಪ್ಯಾರಿಷ್. ಅಪ್ಪ ಯಾರು, ಮಗ ಯಾರು ಅಂತ ಅದರಿಂದ ಸಾಧಿಸಲು ಆಗುವುದಿಲ್ಲ. ಇವರಿಗೆ ಡಿಎನ್‌ಎ ಪರೀಕ್ಷೆ ಸ್ವಲ್ಪ ಸಹಾಯ ಮಾಡಬಹುದು, ಆದರೆ ಇನ್ನೂರೈವತ್ತು ವರ್ಷ ಹಿಂದಿನ ನಂಟನ್ನು ಅದೊಂದೇ ಹೇಳಲಾರದು.

ಸಮಾಧಿ ಹುಡುಕುವವರಿಗೆ

ಪ್ರೆಸ್ಬಿಟೀರಿಯನ್ನರು ಸಾವನ್ನು ಪುಸ್ತಕದಲ್ಲಿ ಬರೆದದ್ದು ತುಂಬಾ ಕಡಿಮೆ. ಎಷ್ಟೋ ಸಭೆಗಳಿಗೆ ಸ್ವಂತ ಸ್ಮಶಾನವೂ ಇರಲಿಲ್ಲ. ಪಕ್ಕದ ಚರ್ಚ್ ಆಫ್ ಐರ್ಲೆಂಡ್ ಅಂಗಳದಲ್ಲಿ ಹೂಳುತ್ತಿದ್ದರು. ಹಳೆಯ ಮದುವೆಗಳೂ ಕೆಲವು ಅದೇ ಚರ್ಚಿನ ಪುಸ್ತಕದಲ್ಲಿವೆ, ಯಾಕೆಂದರೆ ತುಂಬಾ ಕಾಲ ಪ್ರೆಸ್ಬಿಟೀರಿಯನ್ ಪಾಸ್ಟರ್ ಮಾಡಿಸಿದ ಮದುವೆಯನ್ನು ಕಾನೂನು ಪೂರ್ತಿ ಒಪ್ಪುತ್ತಿರಲಿಲ್ಲ. ಇಬ್ಬರೂ ಪ್ರೆಸ್ಬಿಟೀರಿಯನ್ ಆಗಿದ್ದರೆ 1782ರಲ್ಲಿ ಒಪ್ಪಿತು, ಒಬ್ಬರು ಚರ್ಚ್ ಆಫ್ ಐರ್ಲೆಂಡ್‌ನವರಾಗಿದ್ದರೆ 1845ರವರೆಗೆ ಕಾಯಬೇಕಾಯಿತು. ಆದ್ದರಿಂದ ಪ್ರೋನಿಗೆ ಹೋದಾಗ ಆ ಪ್ಯಾರಿಷ್‌ನ ಚರ್ಚ್ ಆಫ್ ಐರ್ಲೆಂಡ್ ಪುಸ್ತಕ ಉಳಿದಿದ್ದರೆ ಅದನ್ನೂ ತರಿಸಿ.

ಸಂಶೋಧಕರಿಗೆ ಕೊಡುವುದು

ಗಂಟೆಯ ಲೆಕ್ಕದಲ್ಲಿ ದುಡ್ಡು. ಎಲ್ಲಕ್ಕಿಂತ ದುಬಾರಿ. ಆದರೂ ಇದು ಕೆಟ್ಟ ಆಯ್ಕೆ ಅಲ್ಲ. ವಯಸ್ಸಾದ ಅತ್ತೆ ಮಾವನಿಗೆ ಬದುಕಿರುವಾಗ ತೋರಿಸಬೇಕು ಅನ್ನುವವರಿಗೆ, ಬೆಲ್‌ಫಾಸ್ಟ್‌ಗೆ ಬರುವ ವಿಮಾನದ ಖರ್ಚೇ ಲಕ್ಷ ದಾಟುವವರಿಗೆ ಇದು ಲಾಭ. "ನಮ್ಮ ವಂಶ ಹುಡುಕಿಕೊಡಿ" ಅಂತ ಕೊಡಬೇಡಿ. "ಈ ಸಭೆಯ ದೀಕ್ಷಾಸ್ನಾನ ಪುಸ್ತಕದಲ್ಲಿ 1825ರಿಂದ 1840ರವರೆಗೆ, ಈ ಟೌನ್‌ಲ್ಯಾಂಡ್‌ನ ಈ ಅಡ್ಡಹೆಸರಿನ ಎಲ್ಲ ಮಕ್ಕಳ ನಮೂದು" ಅಂತ ಕೇಳಿ. ನಾಲ್ಕು ಗಂಟೆಯ ಕೆಲಸ ನಾಲ್ಕೇ ಗಂಟೆಯಲ್ಲಿ ಮುಗಿಯುತ್ತದೆ.

ಹಿಸ್ಟಾರಿಕಲ್ ಸೊಸೈಟಿ, ಮತ್ತೆ ಒಂದು ಪತ್ರ

ಬೆಲ್‌ಫಾಸ್ಟ್‌ನಲ್ಲೇ ಪ್ರೆಸ್ಬಿಟೀರಿಯನ್ ಹಿಸ್ಟಾರಿಕಲ್ ಸೊಸೈಟಿ ಇದೆ. ಸಭೆಗಳ ಇತಿಹಾಸ, ಪಾಸ್ಟರುಗಳ ವಿವರ, ಹಳೆಯ ಸೆಷನ್ ಪುಸ್ತಕಗಳಿಗೆ ಇದು ಜಾಗ. ಬರೀ ಹುಟ್ಟು ಮದುವೆ ತಾರೀಕು ಬೇಕಾದವರಿಗೆ ಪ್ರೋನಿಯೇ ಸಾಕು. ಆದರೆ ನಿಮ್ಮ ಮನೆಯಲ್ಲಿ ಪಾಸ್ಟರ್, ಸಭೆಯ ಹಿರಿಯರು ಅಥವಾ ಮಿಷನರಿ ಇದ್ದರು ಅಂತ ಮಾತಿದ್ದರೆ ಮೊದಲು ಇಲ್ಲಿಗೆ ಹೋಗಿ. 1840ರ ದಶಕದಿಂದ ಈ ಚರ್ಚಿನ ಮಿಷನ್ ಗುಜರಾತ್ ಮತ್ತು ಕಾಠಿಯಾವಾಡದಲ್ಲಿ ಕೆಲಸ ಮಾಡಿತ್ತು, ಹಾಗಾಗಿ "ಯಾರೋ ಇಂಡಿಯಾಕ್ಕೆ ಹೋಗಿದ್ದರು" ಅನ್ನುವ ಮನೆಮಾತು ಇದ್ದರೆ ಅದು ಆ ಕಡೆಯ ಸುದ್ದಿ ಇರಬಹುದು. ಸೆಷನ್ ಅಂದರೆ ಸಭೆಯ ಹಿರಿಯರ ಕೂಟ. ಅವರ ಪುಸ್ತಕದಲ್ಲಿ ಯಾರು ಭಾನುವಾರ ಕೆಲಸ ಮಾಡಿ ಸಿಕ್ಕಿಬಿದ್ದರು, ಯಾರು ಮದುವೆಗೆ ಮುಂಚೆ ಬಸಿರಾಗಿ ಎಲ್ಲರ ಮುಂದೆ ನಿಂತರು, ಯಾರು ಬೇರೆ ಊರಿಂದ ಒಳ್ಳೆಯ ನಡತೆಯ ಚೀಟಿ ತಂದರು ಅನ್ನುವುದೆಲ್ಲ ಇರುತ್ತದೆ. ಬಡವರ ಬದುಕು ಇಷ್ಟು ಹತ್ತಿರದಿಂದ ಬೇರೆ ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ಓದುವಾಗ ಮರ್ಯಾದೆಯಿಂದ ಓದಿ.

ಕೆಲವು ಪುಸ್ತಕಗಳು ಇನ್ನೂ ಸಭೆಯಲ್ಲೇ ಇವೆ, ಎಲ್ಲೂ ನಕಲಾಗಿಲ್ಲ. ಅಂಥ ಕಡೆ ಖರ್ಚಿಲ್ಲದ ದಾರಿ ಅಂದರೆ ಪತ್ರ. ಒಂದೇ ಪುಟ ಬರೆಯಿರಿ. ಹೆಸರು, ಟೌನ್‌ಲ್ಯಾಂಡ್, ಸುಮಾರು ವರ್ಷ, ನೀವು ಈಗಾಗಲೇ ನೋಡಿದ್ದು ಏನು, ಇಷ್ಟು ಸಾಕು. ಚರ್ಚಿಗೆ ಕೈಲಾದ ಕಾಣಿಕೆ ಕಳಿಸಿ, ಯಾಕೆಂದರೆ ಹುಡುಕಿಕೊಡುವವರು ಸಂಬಳದವರಲ್ಲ, ಬಿಡುವಿನಲ್ಲಿ ಮಾಡುವ ಸಭೆಯವರು. ಅವಸರ ಇದ್ದವರಿಗೆ ಈ ದಾರಿ ಅಲ್ಲ. ನಮಗೆ ಉತ್ತರ ಬಂದದ್ದು ಎರಡು ತಿಂಗಳ ಮೇಲೆ. ಲಕೋಟೆಯಲ್ಲಿ ದೀಕ್ಷಾಸ್ನಾನದ ನಮೂದು ಇರಲಿಲ್ಲ, ಆ ವರ್ಷಗಳ ಪುಸ್ತಕವೇ ಕಳೆದುಹೋಗಿದೆಯಂತೆ. ಅದರ ಬದಲು ಚರ್ಚಿನ ಬೆಂಚುಗಳ ಬಾಡಿಗೆ ಬರೆದ ಪುಸ್ತಕದ ಒಂದು ಪುಟದ ಫೋಟೋ ಕಳಿಸಿದ್ದರು. ನನ್ನ ಗಂಡನ ಮುತ್ತಜ್ಜನ ಅಪ್ಪನ ಹೆಸರು, ಟೌನ್‌ಲ್ಯಾಂಡ್ ಹೆಸರು, ಪಕ್ಕದಲ್ಲಿ "ಅರ್ಧ ಬೆಂಚು". ಕೆಳಗಿನ ಸಾಲಿನಲ್ಲಿ ಉಳಿದರ್ಧ ಹಿಡಿದವರ ಹೆಸರಿತ್ತು. ಅದು ನಮ್ಮ ಮದುವೆ ನಮೂದಿನಲ್ಲಿ ಗುಣಾಕಾರದ ಗುರುತು ಹಾಕಿದ್ದ ಸಾಕ್ಷಿಯ ಅಡ್ಡಹೆಸರು.